ಓದುಗರ ಪ್ರಶ್ನೆ: ವೇಲ್ಸ್‌ನ ಮೀಸಲು ಡಿವಿಜನ್ ರಣರಂಗಕ್ಕೆ ಹೋಗದೆ ಏನು ಮಾಡುತ್ತಿತ್ತು?

ಪ್ರಶ್ನೆ: ಮೊದಲ ಮಹಾಯುದ್ಧದ ಬ್ರಿಟಿಷ್ ಸೇನೆಯ ವಿವರಗಳನ್ನು ಓದುವಾಗ 53ನೇ ಡಿವಿಜನ್ನೂ 68ನೇ ಡಿವಿಜನ್ನೂ ‘ವೆಲ್ಷ್’ ಎಂಬ ಹೆಸರಿನಲ್ಲೇ ಕಾಣಿಸುತ್ತವೆ. ಬೆಟಾಲಿಯನ್‌ಗಳ ಹೆಸರಿನಲ್ಲಿ 1/5, 2/5 ಎಂಬ ಭಿನ್ನರಾಶಿಗಳೂ ಇವೆ. ಇವುಗಳ ಅರ್ಥವೇನು?

ಉತ್ತರ: ಮೀಸಲು ವ್ಯವಸ್ಥೆಯ ತಿರುಳು ಆ ಓರೆಗೆರೆಯಲ್ಲೇ ಅಡಗಿರುವುದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ. 1/5 ಎಂದರೆ ರೆಜಿಮೆಂಟಿನ 5ನೇ ಬೆಟಾಲಿಯನ್ನಿನ ಮೊದಲ ಸಾಲು. 2/5 ಎಂದರೆ ಅದೇ ಬೆಟಾಲಿಯನ್ನಿನ ಎರಡನೇ ಸಾಲು. ಒಂದೇ ಊರಿನ ಕವಾಯತು ಶಾಲೆಯಲ್ಲಿ ಹೆಸರು ಬರೆಸಿದ ಅಣ್ಣ ಮೊದಲ ಸಾಲಿನಲ್ಲೂ ತಮ್ಮ ಎರಡನೇ ಸಾಲಿನಲ್ಲೂ ಇರುವುದು ಸಾಧ್ಯವಿತ್ತು.

1908ರಲ್ಲಿ ಯುದ್ಧಖಾತೆಯ ಸಚಿವರಾಗಿದ್ದ ಹಾಲ್ಡೇನ್ ಅವರು ಚದುರಿಹೋಗಿದ್ದ ಸ್ವಯಂಸೇವಕ ತುಕಡಿಗಳನ್ನೆಲ್ಲ ಸೇರಿಸಿ ಪ್ರಾದೇಶಿಕ ಪಡೆಯನ್ನು ಕಟ್ಟಿದಾಗ ಅದರಲ್ಲಿ ಹದಿನಾಲ್ಕು ಕಾಲಾಳು ಡಿವಿಜನ್‌ಗಳಿದ್ದವು. ವೆಲ್ಷ್ ಡಿವಿಜನ್ ಅವುಗಳಲ್ಲೊಂದು. ಈ ಪಡೆಯವರು ಮಾಮೂಲು ಕೆಲಸದಲ್ಲಿದ್ದುಕೊಂಡೇ ಬಿಡುವಿನಲ್ಲಿ ಕವಾಯತು ಮಾಡಿ, ವರ್ಷಕ್ಕೊಮ್ಮೆ ಶಿಬಿರಕ್ಕೆ ಹೋಗಿ ಬರುತ್ತಿದ್ದರು. ಕಾನೂನಿನ ಪ್ರಕಾರ ಅವರು ಸ್ವದೇಶದ ರಕ್ಷಣೆಗೆ ಮಾತ್ರ ಬದ್ಧರಾಗಿದ್ದು, ಹೊರದೇಶಕ್ಕೆ ಹೋಗಬೇಕಾದರೆ ತಾವಾಗಿಯೇ ಒಪ್ಪಿ ಸಹಿ ಹಾಕಬೇಕಿತ್ತು. 1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಸಹಿ ಹಾಕಿದವರು ಮೊದಲ ಸಾಲಾದರು. ಸಹಿ ಹಾಕದವರು, ದೈಹಿಕವಾಗಿ ಅರ್ಹರಲ್ಲದವರು ಮತ್ತು ಹೊಸದಾಗಿ ಸೇರಿದವರು ಎರಡನೇ ಸಾಲಾದರು. 1915ರಲ್ಲಿ ಆಳುಗಳನ್ನು ಒದಗಿಸುವುದಕ್ಕೆಂದೇ ಮೂರನೇ ಸಾಲೂ ಹುಟ್ಟಿತು.

ಮೊದಲ ಸಾಲಿಗೆ 53 ಎಂಬ ಸಂಖ್ಯೆ ಬಂತು. ಅದು 1915ರ ಆಗಸ್ಟ್‌ನಲ್ಲಿ ಟರ್ಕಿಯ ಗಲಿಪೊಲಿಯ ಸುವ್ಲಾ ಕೊಲ್ಲಿಯಲ್ಲಿ ಇಳಿದು, ಆಮೇಲೆ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿತು. ಎರಡನೇ ಸಾಲೇ 68ನೇ (2ನೇ ವೆಲ್ಷ್) ಡಿವಿಜನ್. ಅಣ್ಣನಂತಿದ್ದ 53ರ 158, 159, 160ನೇ ಬ್ರಿಗೇಡ್‌ಗಳ ಪಡಿಯಚ್ಚಿನಂತೆ ತಮ್ಮನಂತಿದ್ದ 68ಕ್ಕೆ 203, 204, 205ನೇ ಬ್ರಿಗೇಡ್‌ಗಳಿದ್ದವು. ಕಾಗದದ ಮೇಲೆ ಅದೂ ಪೂರ್ಣ ಡಿವಿಜನ್ನೇ: ಮೂರು ಬ್ರಿಗೇಡು, ಬ್ರಿಗೇಡಿಗೆ ನಾಲ್ಕರಂತೆ ಹನ್ನೆರಡು ಬೆಟಾಲಿಯನ್ನು, ಜೊತೆಗೆ ಫಿರಂಗಿ ದಳ, ಎಂಜಿನಿಯರ್‌ಗಳು, ಸಂದೇಶ ದಳ, ವೈದ್ಯಕೀಯ ಘಟಕಗಳು. 1914ರಲ್ಲಿ ಬ್ರಿಟನ್ನಿನ ಪೂರ್ಣಪ್ರಮಾಣದ ಕಾಯಂ ಡಿವಿಜನ್ನಿನಲ್ಲಿ ಸುಮಾರು 18,000 ಆಳು, ಐದೂವರೆ ಸಾವಿರಕ್ಕೂ ಹೆಚ್ಚು ಕುದುರೆ, 76 ಫಿರಂಗಿಗಳು ಇರುತ್ತಿದ್ದವು. ಎರಡನೇ ಸಾಲಿನ ಘಟಕಗಳ ಸ್ಥಿತಿ ಇದಕ್ಕೆ ಬಹಳ ದೂರವಿತ್ತು. ಒಳ್ಳೆಯ ರೈಫಲ್‌ಗಳೆಲ್ಲ ಮೊದಲ ಸಾಲಿನ ಕೈ ಸೇರಿದ್ದರಿಂದ ಎರಡನೇ ಸಾಲಿನ ಅನೇಕ ಬೆಟಾಲಿಯನ್‌ಗಳು ಜಪಾನಿನ ಅರಿಸಾಕಾ ರೈಫಲ್ ಹಿಡಿದು ಗುರಿ ಹೊಡೆಯುವುದನ್ನು ಕಲಿತವು. ಅದರ ಗುಂಡು ಬ್ರಿಟಿಷ್ ರೈಫಲ್ಲಿಗೆ ಹೊಂದುವುದಿಲ್ಲ. ಹಾಗಾಗಿ ಮುಂದೆ ಫ್ರಾನ್ಸಿಗೆ ಹೋಗುವ ಹುಡುಗ ತಾನು ಕಲಿತ ಆಯುಧವನ್ನು ಬಿಟ್ಟು ಇನ್ನೊಂದನ್ನು ಹೊಸದಾಗಿ ಕಲಿಯಬೇಕಾಗುತ್ತಿತ್ತು.

68ನೇ ಡಿವಿಜನ್ ಯುದ್ಧ ಮುಗಿಯುವವರೆಗೂ ಬ್ರಿಟನ್ ಬಿಟ್ಟು ಕದಲಲಿಲ್ಲ. ಅದರ ಹೆಗಲ ಮೇಲೆ ಒಂದಕ್ಕೊಂದು ಹೊಂದದ ಎರಡು ಹೊಣೆಗಳಿದ್ದವು. ಶತ್ರು ದಾಳಿ ಮಾಡಿದರೆ ಎದುರಿಸಲು ಅದು ಒಗ್ಗಟ್ಟಾದ ಪಡೆಯಾಗಿ ಸದಾ ಸಿದ್ಧವಿರಬೇಕಿತ್ತು. ಹಾಗೆಯೇ ಹೊರದೇಶದ ಬೆಟಾಲಿಯನ್‌ಗಳಲ್ಲಿ ಖಾಲಿಯಾದ ಜಾಗಗಳಿಗೆ ತನ್ನ ಆಳುಗಳನ್ನು ಕಳುಹಿಸುತ್ತಲೂ ಇರಬೇಕಿತ್ತು. ಕೆಲಸ ಚೆನ್ನಾಗಿ ಕಲಿತವರೇ ಮೊದಲು ಹೊರಡುವುದರಿಂದ, ಒಂದು ತಂಡ ಹೋದಾಗಲೆಲ್ಲ ಉಳಿದ ಬೆಟಾಲಿಯನ್ ಮತ್ತೆ ಮೊದಲ ಪಾಠಕ್ಕೆ ಇಳಿಯುತ್ತಿತ್ತು. ಭತ್ತದ ಸಸಿಮಡಿಯ ಸ್ಥಿತಿಯೇ ಇದು: ಪೈರು ಚೆನ್ನಾಗಿ ಬಂತೆನ್ನುವ ಹೊತ್ತಿಗೆ ಅದನ್ನು ಕಿತ್ತು ಬೇರೆ ಗದ್ದೆಗೆ ನೆಡುತ್ತಾರೆ.

1916ರಲ್ಲಿ ಕಡ್ಡಾಯ ಸೈನಿಕ ಸೇವೆ ಜಾರಿಯಾದ ಮೇಲೆ ‘ಸ್ವದೇಶದಲ್ಲಿ ಮಾತ್ರ ಸೇವೆ’ ಎಂಬ ಆಯ್ಕೆಯೇ ಅಳಿಸಿಹೋಯಿತು. 1917ರಿಂದ ಈ ಡಿವಿಜನ್ನಿನ ಹಳೆಯ ಪ್ರಾದೇಶಿಕ ಬೆಟಾಲಿಯನ್‌ಗಳ ಜಾಗಕ್ಕೆ ಹದಿನೆಂಟರ ಹುಡುಗರ ತರಬೇತಿ ಬೆಟಾಲಿಯನ್‌ಗಳು ಬಂದವು. ಹತ್ತೊಂಬತ್ತು ತುಂಬಿದವರನ್ನು ಮಾತ್ರ ರಣರಂಗಕ್ಕೆ ಕಳುಹಿಸುವುದು ನಿಯಮವಾಗಿತ್ತು. 1918ರ ಮಾರ್ಚ್‌ನಲ್ಲಿ ಜರ್ಮನರು ಭಾರಿ ದಾಳಿ ಆರಂಭಿಸಿದಾಗ ಆ ಮಿತಿಯನ್ನು ಹದಿನೆಂಟೂವರೆಗೆ ಇಳಿಸಲಾಯಿತು. ವ್ಯವಸ್ಥೆಯ ಲೆಕ್ಕದಲ್ಲಿ ಆರು ತಿಂಗಳು ಸಣ್ಣ ಬದಲಾವಣೆ ಇರಬಹುದು. ಆ ಹುಡುಗರ ತಾಯಂದಿರಿಗೆ ಅದು ಸಣ್ಣದಾಗಿರಲಿಲ್ಲ.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ವೇಲ್ಸ್‌ನ 38ನೇ ಡಿವಿಜನ್ 1944ರಲ್ಲಿ ‘ಮೀಸಲು ಡಿವಿಜನ್’ ಆಯಿತೆಂದು ಓದಿದೆ. ಹಾಗೆಂದರೆ ನಿಜವಾಗಿ ಏನು?

ಉತ್ತರ: 38 ಎಂಬ ಸಂಖ್ಯೆ ಕಂಡ ಕೂಡಲೇ 1916ರ ಜುಲೈನಲ್ಲಿ ಸೋಮ್ ರಣರಂಗದ ಮಾಮೆಟ್ಜ್ ಕಾಡಿನಲ್ಲಿ ಸುಮಾರು ನಾಲ್ಕು ಸಾವಿರ ಸಾವುನೋವು ಅನುಭವಿಸಿದ ಡಿವಿಜನ್ ನೆನಪಾಗುತ್ತದೆ. ಅದು ಯುದ್ಧಕಾಲಕ್ಕೆಂದೇ ಕಟ್ಟಿದ ಪಡೆ. ಯುದ್ಧ ಮುಗಿದ ಮೇಲೆ ವಿಸರ್ಜನೆಯಾಯಿತು. ಎರಡನೆಯ 38 ಹುಟ್ಟಿದ ದಾರಿಯೇ ಬೇರೆ. 1939ರ ಮಾರ್ಚ್ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಪ್ರಾದೇಶಿಕ ಸೇನೆಯನ್ನು ಇಮ್ಮಡಿಗೊಳಿಸುವ ನಿರ್ಧಾರ ಪ್ರಕಟಿಸಿತು. ಇದ್ದ ಪ್ರತಿಯೊಂದು ಘಟಕವೂ ತನ್ನಲ್ಲಿನ ಅನುಭವಿ ಅಧಿಕಾರಿಗಳನ್ನೂ ಸಾರ್ಜೆಂಟ್‌ಗಳನ್ನೂ ಬಿಟ್ಟುಕೊಟ್ಟು ಅವರ ಸುತ್ತ ಇನ್ನೊಂದು ಘಟಕವನ್ನು ಬೆಳೆಸಬೇಕಿತ್ತು. ಹೀಗೆ 53ನೇ ಡಿವಿಜನ್ನಿನಿಂದ ಕವಲೊಡೆದ 38ನೇ ಡಿವಿಜನ್ ಸೆಪ್ಟೆಂಬರ್‌ನಲ್ಲಿ 113, 114, 115ನೇ ಬ್ರಿಗೇಡ್‌ಗಳೊಡನೆ ಪ್ರತ್ಯೇಕವಾಗಿ ನಿಂತಿತು. ಹಳೆಯ ಭಿನ್ನರಾಶಿಯೂ ಮರಳಿತು: ವೆಲ್ಷ್ ರೆಜಿಮೆಂಟಿನ 1/5 ಬೆಟಾಲಿಯನ್ 53ರಲ್ಲಿ, 2/5 ಬೆಟಾಲಿಯನ್ 38ರಲ್ಲಿ.

ಹೋರಾಡುವ ಡಿವಿಜನ್ ಹೇಗಿರುತ್ತಿತ್ತೆಂದು ತಿಳಿದರೆ ಮೀಸಲು ಡಿವಿಜನ್ನಿನ ಕೊರತೆ ಅರ್ಥವಾಗುತ್ತದೆ. 1944ರ ಬ್ರಿಟಿಷ್ ಕಾಲಾಳು ಡಿವಿಜನ್ನಿನ ನಿಗದಿತ ಬಲ 18,347. ಅದರಲ್ಲಿ ಕಾಲಾಳು ಬೆಟಾಲಿಯನ್‌ಗಳು ಒಂಬತ್ತೇ, ಒಂದೊಂದರಲ್ಲಿ ಎಂಟುನೂರಕ್ಕೆ ಮೇಲ್ಪಟ್ಟು ಆಳುಗಳು. ಉಳಿದ ಅರ್ಧಕ್ಕೂ ಹೆಚ್ಚು ಮಂದಿ 72 ಫಿರಂಗಿಗಳ ಮೂರು ರೆಜಿಮೆಂಟು, ಟ್ಯಾಂಕ್ ನಿರೋಧಕ ದಳ, ಮಷಿನ್ ಗನ್ ಬೆಟಾಲಿಯನ್, ಮುಂಗಾವಲು ರೆಜಿಮೆಂಟು, ಎಂಜಿನಿಯರ್‌ಗಳು, ಲಾರಿ, ಕಾರ್ಯಾಗಾರ, ಆಸ್ಪತ್ರೆ ಇವುಗಳಲ್ಲಿ ಹಂಚಿಹೋಗಿದ್ದರು. 1941ರ ಕೊನೆಯಲ್ಲಿ 38ನೇ ಡಿವಿಜನ್ನನ್ನು ‘ಕೆಳ ಪ್ರಮಾಣ’ದ ವರ್ಗಕ್ಕೆ ಇಳಿಸಿದರು. ಎಂದರೆ ಸದ್ಯಕ್ಕೆ ಅದನ್ನು ಹೊರದೇಶಕ್ಕೆ ಕಳುಹಿಸುವ ಯೋಚನೆಯಿಲ್ಲ, ಆದ್ದರಿಂದ ಆಳೂ ಸಾಮಗ್ರಿಯೂ ಮೊದಲು ಬೇರೆಯವರಿಗೆ. ಅದರ ಬೆಟಾಲಿಯನ್‌ಗಳೂ ಬೇರೆ ಕೆಲಸಗಳಿಗೆ ಹೋದವು. ರಾಯಲ್ ವೆಲ್ಷ್ ಫ್ಯೂಸಿಲಿಯರ್ಸ್‌ನ 10ನೇ ಬೆಟಾಲಿಯನ್ 1942ರಲ್ಲಿ 6ನೇ ಪ್ಯಾರಾಚೂಟ್ ಬೆಟಾಲಿಯನ್ನಾಗಿ ಬದಲಾಯಿತು.

ಈ ನಡುವೆ ತರಬೇತಿಯ ಕ್ರಮವೇ ಬದಲಾಗಿತ್ತು. 1942ರ ಜುಲೈನಿಂದ ಸೇನೆಗೆ ಬಂದವನು ಮೊದಲು ಆರು ವಾರ ಎಲ್ಲರಿಗೂ ಸಮಾನವಾದ ಪ್ರಾಥಮಿಕ ತರಬೇತಿ ಪಡೆಯುತ್ತಿದ್ದ. ಅಲ್ಲಿ ಅವನ ಬುದ್ಧಿ, ಕೈಚಳಕ, ಹಿಂದಿನ ಕಸುಬು ಎಲ್ಲವನ್ನೂ ಪರೀಕ್ಷಿಸಿ ಯಾವ ದಳಕ್ಕೆ ತಕ್ಕವನೆಂದು ನಿರ್ಧರಿಸುತ್ತಿದ್ದರು. ಕಾಲಾಳು ಪಡೆಗೆ ಆಯ್ಕೆಯಾದವನು ಆ ದಳದ ತರಬೇತಿ ಕೇಂದ್ರದಲ್ಲಿ ಇನ್ನೂ ಕೆಲವು ವಾರ ಕಳೆದು, ಕೊನೆಯ ಐದು ವಾರಗಳಿಗೆ ಮೀಸಲು ಡಿವಿಜನ್ನಿಗೆ ಬರುತ್ತಿದ್ದ. ಒಬ್ಬಂಟಿಯಾಗಿ ಕಲಿತದ್ದನ್ನು ಹತ್ತು ಜನರ ಸೆಕ್ಷನ್ನಿನಲ್ಲಿ, ಆಮೇಲೆ ಪ್ಲಟೂನಿನಲ್ಲಿ, ಕಂಪನಿಯಲ್ಲಿ ಹೊಂದಿಸಿಕೊಳ್ಳುವುದು ಅಲ್ಲಿನ ಪಾಠ. ಬ್ರೆನ್ ಗನ್ ಎಂಬ ಹಗುರ ಮಷಿನ್ ಗನ್ ಹಿಡಿದ ಮೂವರು ಒಂದು ಕಡೆಯಿಂದ ಗುಂಡು ಹಾರಿಸಿ ಶತ್ರುವಿನ ತಲೆ ಏಳದಂತೆ ಮಾಡುವಾಗ ಉಳಿದವರು ಇನ್ನೊಂದು ಕಡೆಯಿಂದ ಮುಂದೊತ್ತಬೇಕು. ಈ ಹೊಂದಾಣಿಕೆ ಒಂದು ಕ್ಷಣ ತಪ್ಪಿದರೂ ಸಾಯುವವರು ನಮ್ಮವರೇ. ಮೂರು ದಿನಗಳ ಬಯಲು ಕಸರತ್ತಿನೊಂದಿಗೆ ಇದು ಮುಗಿಯುತ್ತಿತ್ತು. ಅಲ್ಲಿಗೆ ತರಬೇತಿ ಪೂರ್ಣವಾಗಿ, ಅವನನ್ನು ಹೊರದೇಶಕ್ಕೆ ಕಳುಹಿಸಲು ಸಿದ್ಧನೆಂದು ಎಣಿಸುತ್ತಿದ್ದರು.

ಈ ಕೊನೆಯ ಹಂತವನ್ನು ನಡೆಸಲು 1942ರ ಕೊನೆ ಮತ್ತು 1943ರ ಆರಂಭದಲ್ಲಿ ಕೆಲವು ಡಿವಿಜನ್‌ಗಳನ್ನು ಮೀಸಲು ಡಿವಿಜನ್‌ಗಳಾಗಿ ಮಾರ್ಪಡಿಸಲಾಗಿತ್ತು. ಅವುಗಳಲ್ಲೊಂದಾದ 80ನೆಯದು ವಿಸರ್ಜನೆಯಾದಾಗ, 1944ರ ಸೆಪ್ಟೆಂಬರ್ 1ರಂದು ಆ ಹೊಣೆ 38ರ ಪಾಲಿಗೆ ಬಂತು. ಆಗ ನಾರ್ಮಂಡಿಯ ಹೋರಾಟ ಕಾಲಾಳುಗಳನ್ನು ನುಂಗಿಹಾಕಿತ್ತು; ಆಳು ಸಾಲದೆ ಆಗಸ್ಟ್‌ನಲ್ಲಿ 59ನೇ ಡಿವಿಜನ್ನನ್ನೇ ಒಡೆದು ಉಳಿದವುಗಳಿಗೆ ಹಂಚಿದ್ದರು. ವಿಮಾನ ನಿರೋಧಕ ಫಿರಂಗಿಗಳ ಹಿಂದೆ ವರ್ಷಗಟ್ಟಲೆ ನಿಂತವರಿಗೂ ರೈಫಲ್ ಕೊಟ್ಟು ಕಾಲಾಳುಗಳನ್ನಾಗಿ ಮಾಡುವ ಕಾಲ ಬಂತು. 38ನೇ ಡಿವಿಜನ್ ಒಂದು ಡಿವಿಜನ್ನಾಗಿ ಶತ್ರುವನ್ನು ಕಾಣಲೇ ಇಲ್ಲ ಎಂಬ ಕಾರಣಕ್ಕೆ ಇತಿಹಾಸಗಳು ಅದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅಲ್ಲಿ ಸಾರ್ಜೆಂಟನೊಬ್ಬ ಐದು ವಾರದಲ್ಲಿ ಏನು ಕಲಿಸಿದ ಎನ್ನುವುದರ ಮೇಲೆ ಯಾರದೋ ಮೊದಲ ದಿನದ ಉಳಿವು ನಿಂತಿತ್ತು.

ಪ್ರಶ್ನೆ: ವೆಲ್ಷ್ ಡಿವಿಜನ್ನಿನಲ್ಲಿ ಇದ್ದವರೆಲ್ಲ ವೇಲ್ಸ್‌ನವರೇ?

ಉತ್ತರ: ಅಲ್ಲ. ಗಲಿಪೊಲಿಗೆ ಹೊರಡುವ ಮೊದಲೇ 53ರ ಕೆಲವು ಬೆಟಾಲಿಯನ್‌ಗಳನ್ನು ಫ್ರಾನ್ಸಿಗೆ ಕಳುಹಿಸಿಯಾಗಿತ್ತು. ‘ವೆಲ್ಷ್ ಗಡಿ’ಯ ಹೆಸರು ಹೊತ್ತ 160ನೇ ಬ್ರಿಗೇಡ್ ಸುವ್ಲಾದಲ್ಲಿ ಇಳಿದಾಗ ಅದರಲ್ಲಿದ್ದವು ಆಗ್ನೇಯ ಇಂಗ್ಲೆಂಡಿನ ಸರ್ರೆ, ಸಸೆಕ್ಸ್, ಕೆಂಟ್, ಮಿಡ್ಲ್‌ಸೆಕ್ಸ್‌ಗಳ ಬೆಟಾಲಿಯನ್‌ಗಳು, ಅವುಗಳಲ್ಲಿ ಮೂರು ಎರಡನೇ ಸಾಲಿನವು. 1944ರ ಆಗಸ್ಟ್‌ನಲ್ಲಿ ನಾರ್ಮಂಡಿಯಲ್ಲಿ ಅದೇ ಡಿವಿಜನ್, ಮೂರೂ ಬೆಟಾಲಿಯನ್ನುಗಳು ರಾಯಲ್ ವೆಲ್ಷ್ ಫ್ಯೂಸಿಲಿಯರ್ಸ್‌ನವೇ ಆಗಿದ್ದ ತನ್ನ 158ನೇ ಬ್ರಿಗೇಡನ್ನು ಬಿಡಿಸಿ ಮೂರು ಬ್ರಿಗೇಡ್‌ಗಳಿಗೂ ಒಂದೊಂದರಂತೆ ಹಂಚಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು 1918ರ ಬೇಸಿಗೆಯಲ್ಲಿ. ಫ್ರಾನ್ಸಿನ ಕೊರತೆ ತುಂಬಲು 53ರ ಬಹುಪಾಲು ಬ್ರಿಟಿಷ್ ಬೆಟಾಲಿಯನ್‌ಗಳನ್ನು ಪ್ಯಾಲೆಸ್ಟೈನ್‌ನಿಂದ ಕರೆಸಿಕೊಂಡು, ಆ ಜಾಗಗಳಿಗೆ ಹೆಚ್ಚಾಗಿ ಭಾರತೀಯ ಬೆಟಾಲಿಯನ್‌ಗಳನ್ನು ನಿಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ನಾಬ್ಲುಸ್‌ನತ್ತ ಆ ಡಿವಿಜನ್ ದಾಳಿಗೆ ಹೊರಟಾಗ ಪ್ರತಿ ಬ್ರಿಗೇಡಿನಲ್ಲಿ ಒಂದೇ ಬ್ರಿಟಿಷ್ ಬೆಟಾಲಿಯನ್ನಿದ್ದು, ಎರಡು ಬ್ರಿಗೇಡ್‌ಗಳಲ್ಲಿ ಉಳಿದ ಮೂರೂ ಭಾರತೀಯ ಬೆಟಾಲಿಯನ್‌ಗಳಾಗಿದ್ದವು; 160ರಲ್ಲಿ ಎರಡು ಭಾರತೀಯ ಬೆಟಾಲಿಯನ್‌ಗಳ ಜೊತೆ ದಕ್ಷಿಣ ಆಫ್ರಿಕಾದ ಕೇಪ್ ಕೋರ್‌ನ ಒಂದು ಬೆಟಾಲಿಯನ್ನಿತ್ತು. ಹೆಸರು ಮಾತ್ರ 53ನೇ (ವೆಲ್ಷ್) ಡಿವಿಜನ್ ಎಂದೇ ಉಳಿದಿತ್ತು.