ನೀರಿನಲ್ಲಿ ಶಬ್ದದ ವೇಗ ಮತ್ತು ಸಾಮರ್ಥ್ಯವನ್ನು ಅಳೆಯಲು ಒಂದೇ ಉಪಕರಣ ಸಾಕೇ?

ಸಾಲದು. ವೇಗಕ್ಕೆ ಗಡಿಯಾರ ಬೇಕು, ಸಾಮರ್ಥ್ಯಕ್ಕೆ, ಅಂದರೆ ಶಬ್ದ ಪ್ರತಿ ಸೆಕೆಂಡಿಗೆ ಸಾಗಿಸುವ ಶಕ್ತಿಗೆ, ತಕ್ಕಡಿ ಬೇಕು. ತಕ್ಕಡಿ ಎಂದದ್ದು ಅಲಂಕಾರಕ್ಕಲ್ಲ, ನಿಜವಾಗಿಯೂ ತೂಗುವ ತಕ್ಕಡಿಯೇ.

ಮೊದಲು ವೇಗ. 1826ರಲ್ಲಿ ವಿಜ್ಞಾನಿಗಳಾದ ಕೊಲಾಡೋನ್ ಮತ್ತು ಸ್ಟರ್ಮ್ ಜಿನೀವಾ ಸರೋವರದಲ್ಲಿ ಇದನ್ನು ಅಳೆದರು. ಒಂದು ದೋಣಿಯಿಂದ ನೀರೊಳಗೆ ಗಂಟೆ ಇಳಿಬಿಟ್ಟಿತ್ತು. ಅದನ್ನು ಬಾರಿಸಿದ ಕ್ಷಣದಲ್ಲೇ ಮೇಲೆ ಸಿಡಿಮದ್ದು ಹೊತ್ತಿಕೊಳ್ಳುವ ವ್ಯವಸ್ಥೆಯಿತ್ತು. ಸುಮಾರು 13.5 ಕಿಲೋಮೀಟರ್ ದೂರದ ಇನ್ನೊಂದು ದೋಣಿಯಲ್ಲಿ, ನೀರಿಗಿಳಿಸಿದ ಉದ್ದನೆಯ ಕೊಳವೆಗೆ ಕಿವಿಗೊಟ್ಟು ಕುಳಿತವರು ಬೆಳಕು ಕಂಡೊಡನೆ ಕಾಲ ಎಣಿಸತೊಡಗಿ, ಗಂಟೆ ಕೇಳಿದೊಡನೆ ನಿಲ್ಲಿಸಿದರು. ಒಂಬತ್ತು ಸೆಕೆಂಡಿಗಿಂತ ತುಸು ಹೆಚ್ಚು. ಲೆಕ್ಕಕ್ಕೆ ಸಿಕ್ಕಿದ್ದು ಸೆಕೆಂಡಿಗೆ 1435 ಮೀಟರ್. ನೀರು ಆಗ ಸುಮಾರು 8 ಡಿಗ್ರಿ ಇತ್ತು. ಆ ಉಷ್ಣತೆಗೆ ಇಂದಿನ ಅಂಕಿ ಸುಮಾರು 1439. ಕಿವಿ ಮತ್ತು ಗಡಿಯಾರದ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ನಿಖರತೆಯನ್ನು ಯಾರು ತಾನೇ ಕೇಳಿಯಾರು!

ಈಗ ಸರೋವರ ಬೇಡ, ತೊಟ್ಟಿ ಸಾಕು. ವಿದ್ಯುತ್ತನ್ನು ಶಬ್ದವಾಗಿಯೂ ಶಬ್ದವನ್ನು ವಿದ್ಯುತ್ತಾಗಿಯೂ ಬದಲಿಸುವ ಒಂದು ಟ್ರಾನ್ಸ್‌ಡ್ಯೂಸರ್ ಶ್ರವಣಾತೀತ ಮಿಡಿತವನ್ನು ಕಳುಹಿಸುತ್ತದೆ, ಎದುರಿನದು ಹಿಡಿಯುತ್ತದೆ, ನಡುವಿನ ಸಮಯವನ್ನು ಆಸಿಲೋಸ್ಕೋಪ್ ಎಂಬ ಉಪಕರಣ ಪರದೆಯ ಮೇಲೆ ತೋರಿಸುತ್ತದೆ. ಆದರೆ ಒಂದೇ ದೂರದಲ್ಲಿ ಅಳೆದು ಭಾಗಿಸಬೇಡಿ. ತಂತಿ ಮತ್ತು ಸರ್ಕ್ಯೂಟ್‌ಗಳಲ್ಲಾಗುವ ವಿಳಂಬವೂ ಅದರಲ್ಲಿ ಸೇರಿಕೊಂಡಿರುತ್ತದೆ. ಮಿಡಿತ ಹಿಡಿಯುವ ಎದುರಿನದನ್ನು 10 ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ಅಳೆಯಿರಿ. 20 ಡಿಗ್ರಿಯ ಶುದ್ಧ ನೀರಿನಲ್ಲಿ ಸಮಯ ಸುಮಾರು 67 ಮೈಕ್ರೋಸೆಕೆಂಡಿನಷ್ಟು ಹೆಚ್ಚಬೇಕು, ಅಂದರೆ ಸೆಕೆಂಡಿಗೆ 1482 ಮೀಟರ್.

ನನ್ನ ಮಟ್ಟಿಗೆ ಇಲ್ಲಿ ಗಡಿಯಾರಕ್ಕಿಂತ ಥರ್ಮಾಮೀಟರ್ ದೊಡ್ಡದು. 20 ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ವೇಗ ಸುಮಾರು 3 ಮೀಟರ್ ಹೆಚ್ಚುತ್ತದೆ. ಬಹುತೇಕ ದ್ರವಗಳಲ್ಲಿ ಬಿಸಿಯೇರಿದಂತೆ ಶಬ್ದ ನಿಧಾನವಾಗುತ್ತದೆ. ನೀರು ಮಾತ್ರ 74 ಡಿಗ್ರಿಯವರೆಗೆ ವೇಗ ಹೆಚ್ಚಿಸಿಕೊಂಡು, ಆಮೇಲೆ ಇಳಿಯಲಾರಂಭಿಸುತ್ತದೆ. ಸಮುದ್ರದಲ್ಲಿ ಉಪ್ಪು ಮತ್ತು ಆಳವೂ ಲೆಕ್ಕಕ್ಕೆ ಬರುತ್ತವೆ.

ಇನ್ನು ಸಾಮರ್ಥ್ಯ. ನೀರೊಳಗಿನ ಮೈಕ್ರೋಫೋನಾದ ಹೈಡ್ರೋಫೋನ್ ಅಳೆಯುವುದು ಒಂದು ಬಿಂದುವಿನ ಒತ್ತಡವನ್ನು ಮಾತ್ರ. ಒತ್ತಡದ ವರ್ಗವನ್ನು ನೀರಿನ ಸಾಂದ್ರತೆ ಮತ್ತು ಶಬ್ದವೇಗಗಳ ಗುಣಲಬ್ಧದಿಂದ ಭಾಗಿಸಿದರೆ ಆ ಜಾಗದ ತೀವ್ರತೆ, ಅಂದರೆ ಅಷ್ಟು ವಿಸ್ತೀರ್ಣದ ಮೂಲಕ ಹಾಯುವ ಸಾಮರ್ಥ್ಯ, ಸಿಗುತ್ತದೆ. ಇಡೀ ಶಬ್ದಕಿರಣದ ವಾಟ್ ಬೇಕೆಂದರೆ ಅಡ್ಡಲಾಗಿ ಬಿಂದು ಬಿಂದುವನ್ನೂ ಅಳೆದು ಕೂಡಿಸಬೇಕು, ತಾಳ್ಮೆ ಬೇಡುವ ಕೆಲಸ. ತಕ್ಕಡಿ ಬರುವುದು ಇಲ್ಲೇ. ಶಬ್ದವನ್ನು ಪೂರ್ತಿ ಹೀರಿಕೊಳ್ಳುವ ಫಲಕವನ್ನು ನೀರಿನಲ್ಲಿ ಸೂಕ್ಷ್ಮ ತಕ್ಕಡಿಗೆ ತೂಗುಹಾಕಿ, ಕಿರಣವನ್ನು ಅದರ ಮೇಲೆ ಲಂಬವಾಗಿ ಬಿಡುತ್ತಾರೆ. ಶಬ್ದ ಫಲಕವನ್ನು ತಳ್ಳುತ್ತದೆ, ಆ ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ. ಒಂದು ವಾಟ್‌ಗೆ ತಕ್ಕಡಿ ತೋರಿಸುವ ವ್ಯತ್ಯಾಸ ಸುಮಾರು 69 ಮಿಲಿಗ್ರಾಂ. ಗಮನಿಸಿ, ವೇಗ ಗೊತ್ತಿಲ್ಲದೆ ಇಲ್ಲೂ ಹೆಜ್ಜೆ ಮುಂದಿಡಲಾಗದು.

ಗುಳ್ಳೆಗಳು ಈ ಕೆಲಸದ ಪರಮ ಶತ್ರು. ಚದರ ಸೆಂಟಿಮೀಟರಿಗೆ ಒಂದು ವಾಟ್ ತೀವ್ರತೆಯಲ್ಲಿ ಒತ್ತಡದ ಏರಿಳಿತ ವಾಯುಮಂಡಲದ ಒತ್ತಡದ ಸುಮಾರು 1.7 ಪಟ್ಟು. ಪ್ರತಿ ಇಳಿತದಲ್ಲೂ ಕರಗಿದ ಗಾಳಿ ಹೊರಬರಲು ಹವಣಿಸುತ್ತದೆ, ಫಲಕಕ್ಕೆ ಅಂಟಿದ ಗುಳ್ಳೆ ತೂಕವನ್ನೂ ಕೆಡಿಸುತ್ತದೆ, ಶಬ್ದವನ್ನೂ ಚದುರಿಸುತ್ತದೆ. ಆದ್ದರಿಂದ ಗಾಳಿ ತೆಗೆದ ನೀರನ್ನೇ ಬಳಸಬೇಕು. ಕುದಿಸಿ, ಪಾತ್ರೆಯ ಬಾಯಿ ಮುಚ್ಚಿ ತಣಿಸಿದರೆ ಸಾಮಾನ್ಯ ಪ್ರಯೋಗಗಳಿಗೆ ನಡೆಯುತ್ತದೆ. ತೊಟ್ಟಿಗೆ ಸುರಿಯುವಾಗ ಮೇಲಿಂದ ಧುಮುಕಿಸದೆ ಕೊಳವೆಯಿಂದ ತಳಕ್ಕೆ ಬಿಡಿ.

ಕೊನೆಯದಾಗಿ, ಶಬ್ದದ ಮಟ್ಟವನ್ನು ಹೇಳುವ ಡೆಸಿಬೆಲ್. ತಿಮಿಂಗಿಲದ ಕೂಗು ಜೆಟ್ ವಿಮಾನದ ಅಬ್ಬರವನ್ನೂ ಮೀರಿಸುತ್ತದೆ ಎಂಬ ಬರಹಗಳನ್ನು ನೀವೂ ಓದಿರಬಹುದು. ಎರಡು ಅಂಕಿಗಳನ್ನು ನೇರವಾಗಿ ಹೋಲಿಸಿದ್ದರೆ ಅದನ್ನು ನಂಬಬೇಡಿ. ಡೆಸಿಬೆಲ್ ಎಣಿಕೆ ಶುರುವಾಗುವ ಆಧಾರ ಒತ್ತಡ ಗಾಳಿಯಲ್ಲಿ 20 ಮೈಕ್ರೋಪಾಸ್ಕಲ್, ನೀರಿನಲ್ಲಿ 1. ಈ ಒಂದೇ ಕಾರಣಕ್ಕೆ 26 ಡೆಸಿಬೆಲ್ ಅಂತರ. ಅಷ್ಟೇ ಒತ್ತಡ ಗಾಳಿಯಲ್ಲಿ ಸಾಗಿಸುವ ಶಕ್ತಿ ನೀರಿನಲ್ಲಿ ಸಾಗಿಸುವುದಕ್ಕಿಂತ ಸುಮಾರು 3,600 ಪಟ್ಟು ಹೆಚ್ಚು, ಅದಕ್ಕೆ ಇನ್ನೂ 36. ಹೀಗಾಗಿ ತೀವ್ರತೆಗಳನ್ನು ಹೋಲಿಸಬೇಕಾದರೆ ನೀರಿನ ಅಂಕಿಯಿಂದ ಸುಮಾರು 62 ಕಳೆಯಬೇಕು. ಮೂಲದಿಂದ ಎಷ್ಟು ದೂರದಲ್ಲಿ ಅಳೆದದ್ದು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.