ಬರಹಗಾರರಿಗೆ ಸಲಹೆ: ಕೋಷ್ಟಕ ಬದಿಗಿಡಿ, ಒಂದು ಆಯುಧವನ್ನು ತೋರಿಸಿ

ಸೋಮವಾರಪೇಟೆಯ ಮಿತ್ರರಿಗೆ ಮಡಿಕೇರಿಯಿಂದ ನಮಸ್ಕಾರ.

‘ಜೆಲ್ಡಾಕ್ಕೂ ಬೇಕು ಅಪ್‌ಗ್ರೇಡ್’ ಎಂಬ ನಿಮ್ಮ ಲೇಖನ ತಲುಪಿದೆ, ನಿಧಾನವಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದದಿಂದ ಹಿಂದಿರುಗಿಸಲಾಗಿದೆ’ ಎಂಬ ಚೀಟಿ ಅಂಟಿಸಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಕನ್ನಡ ಪತ್ರಿಕೆಗಳಿಗೆ ವಿಡಿಯೊ ಗೇಮ್ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಮಕ್ಕಳ ಕಣ್ಣು, ಪರೀಕ್ಷೆಯ ಅಂಕ, ಮೊಬೈಲ್ ಚಟ ಇಷ್ಟರಲ್ಲೇ ಮುಗಿದುಹೋಗುತ್ತವೆ. ಆಟವನ್ನು ಆಟವಾಗಿ ನೋಡಿ, ಅದನ್ನು ಕಟ್ಟಿದ ರೀತಿಯ ಬಗ್ಗೆ ತಲೆ ಕೆಡಿಸಿಕೊಂಡು ಬರೆಯುವವರು ತೀರಾ ಕಡಿಮೆ. ನಿಮಗೆ ಆ ಶಕ್ತಿ ಇದೆ. ಹಾಗಾಗಿ ಮುಲಾಜಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ವಾದವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಜಪಾನಿನ ನಿಂಟೆಂಡೊ ಕಂಪನಿಯ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಸಾಹಸದ ಆಟಗಳ ಸರಣಿ 1986ರಿಂದ ಬರುತ್ತಿದೆ. ಇಷ್ಟು ವರ್ಷವಾದರೂ ಅದರಲ್ಲಿ ಆಯುಧವನ್ನು ಬಲಪಡಿಸುವ ವ್ಯವಸ್ಥೆಯೇ ಇಲ್ಲ. ಬೇರೆ ಸರಣಿಗಳು ಮುಂದೆ ಹೋಗಿವೆ. ಆದ್ದರಿಂದ ಮುಂದಿನ ಆಟದಲ್ಲಿ ಕತ್ತಿ, ಗುರಾಣಿ, ಬಿಲ್ಲು, ಬೂಮರಾಂಗ್, ಹುಕ್‌ಶಾಟ್ (ಸರಪಳಿಯ ತುದಿಯ ಕೊಕ್ಕೆ ಚಿಮ್ಮಿಸುವ ಸಲಕರಣೆ), ಬಾಂಬು ಎಲ್ಲಕ್ಕೂ ಐದೈದು ಲೆವೆಲ್ ಇರಬೇಕು. ಯಾವ ಲೆವೆಲ್‌ಗೆ ಎಷ್ಟು ಅದಿರು, ಎಷ್ಟು ಹರಳು, ಎಷ್ಟು ಹಣ ಎಂಬುದಕ್ಕೆ ಪುಟಗಟ್ಟಲೆ ಕೋಷ್ಟಕವನ್ನೂ ಕೊಟ್ಟಿದ್ದೀರಿ.

ಮೊದಲಿಗೆ, ‘ವ್ಯವಸ್ಥೆಯೇ ಇಲ್ಲ’ ಎಂಬ ಮಾತು ನಿಲ್ಲುವುದಿಲ್ಲ. 1986ರ ಮೊದಲ ಆಟದಲ್ಲೇ ಗುಹೆಯ ಮುದುಕ ಮರದ ಕತ್ತಿ ಕೊಡುತ್ತಾನೆ. ಜೀವದ ಹೃದಯಗಳು 5 ಆದ ಮೇಲೆ ಬಿಳಿ ಕತ್ತಿ, 12 ಆದ ಮೇಲೆ ಮಾಯಾಕತ್ತಿ. 1991ರ ‘ಎ ಲಿಂಕ್ ಟು ದಿ ಪಾಸ್ಟ್’ನಲ್ಲಿ ಮಾಸ್ಟರ್ ಸ್ವೋರ್ಡನ್ನು (ಸರಣಿಯ ಹಲವು ಆಟಗಳಲ್ಲಿ ಬರುವ ನಾಯಕನ ಕತ್ತಿ) ಹದಗೊಳಿಸಲು ಕಮ್ಮಾರರಿದ್ದಾರೆ. ಒಬ್ಬ ಕಮ್ಮಾರ ಕಾಣೆಯಾಗಿ, ಕತ್ತಲ ಲೋಕದಲ್ಲಿ ಕಪ್ಪೆಯಾಗಿ ಕೂತಿರುತ್ತಾನೆ. ಅವನನ್ನು ಹುಡುಕಿ ಜೊತೆಗಾರನ ಬಳಿ ತಂದು ಬಿಟ್ಟರೆ ಮಾತ್ರ ಇಬ್ಬರೂ ಸೇರಿ ಕುಲುಮೆ ಹಚ್ಚುತ್ತಾರೆ. 2011ರ ‘ಸ್ಕೈವರ್ಡ್ ಸ್ವೋರ್ಡ್’ನಲ್ಲಂತೂ ಸಂತೆಯ ಒಂದು ಅಂಗಡಿಯೇ ಈ ಕೆಲಸಕ್ಕೆ ಮೀಸಲು: ದಾರಿಯಲ್ಲಿ ಆಯ್ದ ಸಾಮಾನು ಕೊಟ್ಟರೆ ಗುರಾಣಿ, ಬಿಲ್ಲು, ಬಲೆ ಎಲ್ಲ ಗಟ್ಟಿಯಾಗುತ್ತವೆ. 2013ರ ‘ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್’ನಲ್ಲಿ ಮೈಮೈ ಎಂಬ ಪುಟ್ಟ ಜೀವಿಯ ಕಳೆದುಹೋದ 100 ಮರಿಗಳಿವೆ. ಹತ್ತು ಮರಿಗಳನ್ನು ತಾಯಿಗೆ ಒಪ್ಪಿಸಿದರೆ ನಿಮ್ಮ ಒಂದು ಸಲಕರಣೆಯನ್ನು ಅವಳು ಬಲಪಡಿಸಿ ಕೊಡುತ್ತಾಳೆ. ಬಿಲ್ಲಿನಿಂದ ಒಂದರ ಬದಲು ಮೂರು ಬಾಣ ಹೊರಡುತ್ತವೆ.

ಇಷ್ಟೆಲ್ಲ ಇರುವಾಗ ‘ಇಲ್ಲ’ ಎಂದು ಶುರುಮಾಡಿದರೆ ಆಟ ಬಲ್ಲ ಓದುಗ ಮೊದಲ ಪ್ಯಾರಾದಲ್ಲೇ ನಿಮ್ಮ ಕೈಬಿಡುತ್ತಾನೆ. ಆಟ ಗೊತ್ತಿಲ್ಲದ ಓದುಗನಿಗೆ ತಪ್ಪು ಮಾಹಿತಿ ಹೋಗುತ್ತದೆ. ಎರಡನೆಯದೇ ನನಗೆ ಹೆಚ್ಚು ಕಳವಳದ ವಿಷಯ, ಏಕೆಂದರೆ ನಮ್ಮ ಓದುಗರಲ್ಲಿ ಹೆಚ್ಚಿನವರು ಅವರೇ. ಗೋಣಿಕೊಪ್ಪಲಿನಲ್ಲಿ ಅಂಗಡಿ ಇಟ್ಟವರು, ಕುಶಾಲನಗರದಲ್ಲಿ ಪಾಠ ಮಾಡುವವರು, ತೋಟದ ಲೆಕ್ಕ ಬರೆಯುವವರು ನಿಮ್ಮನ್ನು ನಂಬಿ ಓದುತ್ತಾರೆ. ಸರಿನೋಡಲು ಅವರ ಬಳಿ ಬೇರೆ ದಾರಿ ಇಲ್ಲ.

ಆದರೆ ಈ ತಪ್ಪಿನೊಳಗೇ ನಿಮ್ಮ ನಿಜವಾದ ಲೇಖನ ಅಡಗಿದೆ. ಅಪ್‌ಗ್ರೇಡ್ ಬೇಕೇ ಬೇಡವೇ ಎಂಬುದು ಈ ಸರಣಿಯಲ್ಲಿ ಎಂದೋ ತೀರಿಹೋದ ಪ್ರಶ್ನೆ. ಅಪ್‌ಗ್ರೇಡ್ ಆದ ಮೇಲೆ ಆಡುವವನ ಕೈಯಲ್ಲಿ ಏನು ಬದಲಾಗುತ್ತದೆ? ಹಿಂದೆ ಆಗದ ಯಾವ ಕೆಲಸ ಈಗ ಆಗುತ್ತದೆ? ಅದಕ್ಕಾಗಿ ಅವನು ಏನನ್ನು ಬಿಟ್ಟುಕೊಟ್ಟ? ನಿಮ್ಮ ಕೋಷ್ಟಕದ ಒಂದು ಸಾಲೂ ಇದಕ್ಕೆ ಉತ್ತರ ಹೇಳುವುದಿಲ್ಲ. ‘ಲೆವೆಲ್ 3: ಹೊಡೆತದ ಬಲ 24ರಿಂದ 31ಕ್ಕೆ’ ಎಂದರೆ ಎದುರಾಳಿ ನಾಲ್ಕು ಏಟಿನ ಬದಲು ಮೂರು ಏಟಿಗೆ ಬೀಳುತ್ತಾನೆ, ಅಷ್ಟೇ.

2000ನೇ ಇಸವಿಯ ‘ಮಜೋರಾಸ್ ಮಾಸ್ಕ್’ ನೋಡಿ. ನಿಮ್ಮ ಲೇಖನದಲ್ಲಿ ಅದರ ಹೆಸರು ಪಟ್ಟಿಯೊಳಗೆ ಒಂದು ಸಲ ಬಂದು ಹೋಗಿದೆ. ಆ ಆಟದಲ್ಲಿ ಚಂದ್ರ ಭೂಮಿಗೆ ಅಪ್ಪಳಿಸಲು ಮೂರು ದಿನ ಬಾಕಿ. ಆ ಮೂರು ದಿನವನ್ನೇ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಆಡಬೇಕು. ಬೆಟ್ಟದ ಮೇಲೆ ಹಿಮ ಮುಚ್ಚಿದ ಹಳ್ಳಿಯಲ್ಲಿ ಒಂದು ಕಮ್ಮಾರಸಾಲೆ ಇದೆ. ಒಲೆ ಹೆಪ್ಪುಗಟ್ಟಿರುತ್ತದೆ, ಮೊದಲು ಅದನ್ನು ಕರಗಿಸಬೇಕು. ಬಳಿಕ 100 ರುಪೀ (ಆ ಆಟದ ಹಣ) ಕೊಟ್ಟು ಕತ್ತಿ ಒಪ್ಪಿಸಿದರೆ ಮರುದಿನ ಬೆಳಗ್ಗೆ ಹರಿತಮಾಡಿ ಕೊಡುತ್ತಾರೆ. ಅಲ್ಲಿಯವರೆಗೆ ನಾಯಕ ಲಿಂಕ್ ಬಳಿ ಕತ್ತಿಯೇ ಇರುವುದಿಲ್ಲ. ಇರುವುದೇ ಮೂರು ದಿನ, ಅದರಲ್ಲಿ ಒಂದು ದಿನ ಕುಲುಮೆಗೆ ಹೋಯಿತು. ಹಾಗೆ ಪಡೆದ ಕತ್ತಿಯೂ 100 ಏಟಿಗೆ ಮೊಂಡಾಗಿ ಹಳೆಯದೇ ಆಗುತ್ತದೆ. ಕಾಲವನ್ನು ಹಿಂದಕ್ಕೆ ತಿರುಗಿಸಿದರೂ ಅದೇ ಗತಿ. ಶಾಶ್ವತವಾಗಿ ಉಳಿಯುವ ಕತ್ತಿ ಬೇಕಾದರೆ ಓಟದ ಪಂದ್ಯ ಗೆದ್ದು ಚಿನ್ನದ ಪುಡಿ ತರಬೇಕು, ಮತ್ತೆ ಒಂದು ರಾತ್ರಿ ಕಾಯಬೇಕು.

ಇಲ್ಲಿ ಅಪ್‌ಗ್ರೇಡಿಗೆ ತೆತ್ತ ಬೆಲೆ ಒಂದು ಹಗಲು, ಒಂದು ರಾತ್ರಿ. ಆಟದ ಇಡೀ ಕಥೆಯೇ ಸಮಯದ ಕೊರತೆಯ ಬಗ್ಗೆ ಇರುವಾಗ ಕಮ್ಮಾರ ಕೇಳುವುದೂ ಸಮಯವನ್ನೇ. ಈ ಒಂದು ಕಮ್ಮಾರಸಾಲೆಯ ಬಗ್ಗೆ ನೀವು ನಾಲ್ಕು ಪ್ಯಾರಾ ಬರೆದಿದ್ದರೆ ನಿಮ್ಮ ಕೋಷ್ಟಕ ಯಾರಿಗೂ ಬೇಕಾಗುತ್ತಿರಲಿಲ್ಲ.

ಇನ್ನೊಂದು ತೊಡಕನ್ನು ನೀವು ಮುಟ್ಟಿಯೇ ಇಲ್ಲ. ಈ ಸರಣಿಯಲ್ಲಿ ಸಲಕರಣೆ ಹೋರಾಡಲು ಮಾತ್ರ ಇರುವುದಲ್ಲ, ದಾರಿ ತೆರೆಯಲೂ ಅದೇ ಬೇಕು. ಹುಕ್‌ಶಾಟ್ ಸಿಗುವವರೆಗೆ ಕಂದಕ ದಾಟಲಾಗದು, ಬಾಂಬು ಸಿಗುವವರೆಗೆ ಬಿರುಕುಬಿಟ್ಟ ಗೋಡೆ ಒಡೆಯದು. ಈಗ ನಿಮ್ಮ ಮಾತಿನಂತೆ ಹುಕ್‌ಶಾಟ್‌ಗೆ ಐದು ಲೆವೆಲ್ ಮಾಡಿದರೆಂದು ಇಟ್ಟುಕೊಳ್ಳಿ, ಲೆವೆಲ್ ಏರಿದಂತೆ ಸರಪಳಿ ಉದ್ದವಾಗುತ್ತದೆ. ಆಟ ಕಟ್ಟುವವರು ಮುಂದಿನ ಕಂದಕವನ್ನು ಎಷ್ಟು ಅಗಲ ಮಾಡಬೇಕು? ಲೆವೆಲ್ ಒಂದರ ಅಳತೆಗೆ ಮಾಡಿದರೆ ಐದರವರೆಗೆ ದುಡಿದವನಿಗೆ ಏನೂ ಸಿಗಲಿಲ್ಲ. ಐದರ ಅಳತೆಗೆ ಮಾಡಿದರೆ ಉಳಿದವರೆಲ್ಲ ಅಲ್ಲೇ ಸಿಕ್ಕಿಬಿದ್ದರು.

‘ಸ್ಕೈವರ್ಡ್ ಸ್ವೋರ್ಡ್’ನ ಬೀಟಲ್ ಎಂಬ, ಜೀರುಂಡೆಯಂತೆ ಹಾರುವ ಸಲಕರಣೆಯಲ್ಲಿ ಇದಕ್ಕೆ ಒಂದು ಉತ್ತರ ಇದೆ. ಅದಕ್ಕೆ ಕೊಂಡಿ ಬಂದು, ಬಾಂಬನ್ನು ಎತ್ತಿಕೊಂಡು ಹಾರುವ ಶಕ್ತಿ ಸಿಗುವುದು ಕಥೆಯ ದಾರಿಯಲ್ಲೇ. ಎಲ್ಲರಿಗೂ ಸಿಗುತ್ತದೆ, ಹಾಗಾಗಿ ಮುಂದಿನ ಒಗಟುಗಳನ್ನು ಅದನ್ನೇ ನಂಬಿ ಕಟ್ಟಬಹುದು. ಅಂಗಡಿಯಲ್ಲಿ ಸಾಮಾನು ಕೊಟ್ಟು ಮಾಡಿಸಿಕೊಳ್ಳುವುದು ಮಾತ್ರ ಬೇರೆ: ಮೊದಲು ವೇಗ, ಆಮೇಲೆ ಹೆಚ್ಚು ಹೊತ್ತು ಹಾರುವ ತಾಕತ್ತು. ಇದ್ದರೆ ಹಾಯೆನಿಸುತ್ತದೆ, ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಜಾಣ ಏರ್ಪಾಡು, ಆದರೆ ಅಂಗಡಿಯ ಪಾಲಿಗೆ ಸಪ್ಪೆ ಕೆಲಸ ಉಳಿಯಿತು. ನೀವು ಒಪ್ಪದಿರಬಹುದು. ಒಪ್ಪದಿದ್ದರೆ ಕಾರಣ ಬರೆಯಿರಿ, ಆ ಜಗಳ ಓದಲು ಚೆನ್ನಾಗಿರುತ್ತದೆ.

2017ರ ‘ಬ್ರೆತ್ ಆಫ್ ದಿ ವೈಲ್ಡ್’ ಬಗ್ಗೆ ನಿಮಗಿರುವ ಸಿಟ್ಟು ಅರ್ಥವಾಗುತ್ತದೆ. ಕಷ್ಟಪಟ್ಟು ಗಳಿಸಿದ ಕತ್ತಿ ಕೈಯಲ್ಲೇ ಪುಡಿಯಾಗುವುದು ಯಾರಿಗೆ ತಾನೇ ಹಿತ? ಆದರೆ ‘ಆಯುಧ ಮುರಿಯುವುದು ಅನ್ಯಾಯ’ ಎಂದು ಒಂದು ಸಾಲು ಬರೆದು ಕೋಷ್ಟಕಕ್ಕೆ ಹಾರಿಬಿಟ್ಟಿದ್ದೀರಿ. ಮುರಿಯುವ ವಸ್ತುವಿಗೆ ಲೆವೆಲ್ ಕೂಡಿಸುವುದರಲ್ಲಿ ಅರ್ಥವಿಲ್ಲ ಎಂಬುದು ಆಟ ಮಾಡಿದವರಿಗೂ ಗೊತ್ತಿತ್ತು ಎಂದೇ ನನ್ನ ಭಾವನೆ. ಅದಕ್ಕೇ ಅಲ್ಲಿ ಬಲಪಡಿಸುವ ಕೆಲಸ ಆಯುಧದಿಂದ ಬಟ್ಟೆಗೆ ದಾಟಿದೆ. ನಾಲ್ಕು ಮಹಾಯಕ್ಷಿಣಿಯರ ಕೊಳಗಳಿವೆ. ಮೊದಲ ಕೊಳ ತೆರೆಯಲು 100 ರುಪೀ, ಕೊನೆಯದಕ್ಕೆ 10,000. ಆಮೇಲೆ ಸಾಮಾನು ಒಪ್ಪಿಸಿದಂತೆ ಹೆಚ್ಚಿನ ಉಡುಪುಗಳನ್ನು ನಾಲ್ಕು ಹಂತದವರೆಗೆ ಗಟ್ಟಿಮಾಡಿಸಬಹುದು. 2023ರ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕೈಗೆ ಸಿಕ್ಕ ಕೋಲಿನ ತುದಿಗೆ ಬಂಡೆಯನ್ನೋ ರಾಕ್ಷಸನ ಕೊಂಬನ್ನೋ ಅಂಟಿಸಿದರೆ ಅದೇ ಹೊಸ ಆಯುಧ. ನಿಮ್ಮ ಐದು ಲೆವೆಲ್‌ನ ಆಟದಲ್ಲಿ ಕತ್ತಿ ಮುರಿಯುತ್ತದೆಯೇ, ಇಲ್ಲವೇ? ಮುರಿಯದಿದ್ದರೆ ದಾರಿಯಲ್ಲಿ ಬಿದ್ದ ಹೊಸ ಕತ್ತಿಯನ್ನು ಯಾರಾದರೂ ಬಗ್ಗಿ ಎತ್ತಿಕೊಳ್ಳುತ್ತಾರೆಯೇ? ಇದನ್ನು ತೀರ್ಮಾನಿಸದೆ ಲೇಖನ ಮುಂದೆ ಸಾಗದು.

ಇನ್ನು ಒಂದು ಉದಾಹರಣೆ ಹೇಳಲೇಬೇಕು, ನೀವು ಮಳೆನಾಡಿನಲ್ಲಿ ಕೂತು ಬರೆಯುತ್ತಿರುವುದರಿಂದ. ಈ ಎರಡೂ ಆಟಗಳಲ್ಲಿ ಮಳೆ ಬಂದರೆ ಬಂಡೆ ಜಾರುತ್ತದೆ. ಹತ್ತುತ್ತಿರುವ ಲಿಂಕ್ ನಾಲ್ಕು ಹೆಜ್ಜೆ ಮೇಲೇರಿ ಸರ್ರನೆ ಕೆಳಗೆ ಬರುತ್ತಾನೆ. ಮಳೆ ನಿಲ್ಲುವವರೆಗೆ ಬಂಡೆಯ ಬುಡದಲ್ಲಿ ಕಾಯಬೇಕು, ಇಲ್ಲವೇ ಸುತ್ತುದಾರಿ ಹಿಡಿಯಬೇಕು. 2023ರ ಆಟದಲ್ಲಿ ಕಪ್ಪೆಯ ರೂಪದ ಒಂದು ಉಡುಪು ಇದೆ. ಅಲ್ಲಿನ ಪತ್ರಿಕೆಯೊಂದಕ್ಕೆ ಸುದ್ದಿ ಬೆನ್ನಟ್ಟಿ ಹೋದವರಿಗೆ ಅದರ ಮೂರು ಭಾಗಗಳು ಒಂದೊಂದಾಗಿ ಸಿಗುತ್ತವೆ. ತೊಟ್ಟರೆ ಜಾರುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಮೂರೂ ಭಾಗಗಳನ್ನು ಎರಡನೇ ಹಂತಕ್ಕೆ ಏರಿಸಿ ಒಟ್ಟಿಗೆ ತೊಟ್ಟಾಗ ಮಾತ್ರ ಜಾರುವಿಕೆ ಪೂರ್ತಿ ನಿಲ್ಲುತ್ತದೆ. ಅಂದಿನಿಂದ ಮಳೆ ಅಡ್ಡಿಯಾಗುವುದಿಲ್ಲ, ನಕ್ಷೆಯ ಪ್ರತಿಯೊಂದು ಬಂಡೆಯೂ ಯಾವ ಹೊತ್ತಿನಲ್ಲಾದರೂ ಹತ್ತಬಹುದಾದ ಬಂಡೆ. ಒಂದು ಅಂಕಿ ಏರಿದ್ದರಿಂದ ಒಂದು ನಾಡೇ ತೆರೆದುಕೊಂಡಿತು. ಜುಲೈ ತಿಂಗಳಲ್ಲಿ ಪಾಚಿ ಹಿಡಿದ ಮೆಟ್ಟಿಲು ಇಳಿದು ಬಲ್ಲ ಕೊಡಗಿನ ಓದುಗರಿಗೆ ಇದರ ಬೆಲೆ ವಿವರಿಸಿ ಹೇಳಬೇಕಾಗಿಲ್ಲ. ನೀವು ಈ ಉಡುಪಿನ ಬಗ್ಗೆ ಬರೆದಿರುವುದು ‘ಕ್ಯೂಟ್ ಆಗಿದೆ’ ಎಂದಷ್ಟೇ.

ಈಗ ನಿಮ್ಮ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಪ್ಯಾರಾಕ್ಕೆ ಬರುತ್ತೇನೆ. ಇಡೀ ಲೇಖನದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ, ಮತ್ತು ನೀವು ಅದನ್ನು ಕೊನೆಗೆ ತಳ್ಳಿದ್ದೀರಿ. ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಐನ್‌ಮನೆಯ (ಮನೆತನದ ಮೂಲಮನೆ) ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ ಇಟ್ಟು, ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುವುದನ್ನು ಚೆನ್ನಾಗಿ ಬರೆದಿದ್ದೀರಿ. ಕೋವಿಯ ನಳಿಗೆಯಲ್ಲಿ ಆ ಹೂವಿನ ಕೆಂಪು ಹಳದಿ ಎಸಳು ಕಾಣುವ ಸಾಲನ್ನು ಒಂದಕ್ಷರವೂ ಬದಲಿಸಬೇಡಿ. ಆದರೆ ಅದರಿಂದ ನೀವು ತೆಗೆದ ತೀರ್ಮಾನ ತಿರುಗುಮುರುಗಾಗಿದೆ. ‘ಹೀಗೆ ನಮ್ಮಲ್ಲೂ ಆಯುಧಗಳನ್ನು ಅಪ್‌ಗ್ರೇಡ್ ಮಾಡುವ ಸಂಪ್ರದಾಯವಿದೆ’ ಎಂದಿದ್ದೀರಿ. ಅಲ್ಲಿ ಯಾವ ಆಯುಧವೂ ಹೊಸ ಲೆವೆಲ್‌ಗೆ ಏರುವುದಿಲ್ಲ. ಅಜ್ಜ ಸೊಂಟದ ಹಿಂದೆ ಸಿಕ್ಕಿಸಿಕೊಂಡ ಒಡಿಕತ್ತಿಯೇ ಮೊಮ್ಮಗನಿಗೂ ಬರುತ್ತದೆ. ತುಕ್ಕು ಹೋಗುತ್ತದೆ, ಹೊಳಪು ಬರುತ್ತದೆ, ಕತ್ತಿ ಅದೇ.

ಇದೇ ಹೋಲಿಕೆಯನ್ನು ಸರಿಯಾದ ಕಡೆ ಇಟ್ಟರೆ ಲೇಖನಕ್ಕೆ ಬೆನ್ನೆಲುಬು ಸಿಗುತ್ತದೆ. ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಎಲ್ಲ ಕತ್ತಿಗಳೂ ಮುರಿಯುತ್ತವೆ, ಮಾಸ್ಟರ್ ಸ್ವೋರ್ಡ್ ಒಂದನ್ನು ಬಿಟ್ಟು. ಅದು ಶಕ್ತಿ ಕಳೆದುಕೊಂಡರೆ 10 ನಿಮಿಷ ಸುಮ್ಮನಿದ್ದು ಮತ್ತೆ ಬರುತ್ತದೆ. ಸಾಮಾನ್ಯವಾಗಿ ಅದರ ಬಲ 30, ಕೇಡಿನ ಶಕ್ತಿ ಎದುರಾದಾಗ ಹೊಳೆಯುತ್ತ 60 ಆಗುತ್ತದೆ. ಅದನ್ನು ಯಾವ ಅಂಗಡಿಯಲ್ಲೂ ಬಲಪಡಿಸಲಾಗದು. ‘ಸ್ಕೈವರ್ಡ್ ಸ್ವೋರ್ಡ್’ನಲ್ಲೂ ಅಷ್ಟೇ, ಸಂತೆಯ ಅಂಗಡಿಯವನು ಗುರಾಣಿ ಮುಟ್ಟುತ್ತಾನೆ, ಕತ್ತಿ ಮುಟ್ಟುವುದಿಲ್ಲ. ಕತ್ತಿ ಬೆಳೆಯುವುದು ಮೂರು ಪವಿತ್ರ ಜ್ವಾಲೆಗಳಲ್ಲಿ, ಕಥೆ ನಡೆದಂತೆ. ಮನೆತನದ ಕತ್ತಿಗೂ ಪೇಟೆಯಲ್ಲಿ ಕೊಂಡ ಕತ್ತಿಗೂ ಇರುವ ವ್ಯತ್ಯಾಸವನ್ನು ನಮ್ಮ ಜಿಲ್ಲೆಯ ಓದುಗರಿಗಿಂತ ಚೆನ್ನಾಗಿ ಬಲ್ಲವರು ಯಾರು? ಎಲ್ಲಕ್ಕೂ ಒಂದೇ ತಕ್ಕಡಿ ಹಿಡಿದ ನಿಮ್ಮ ಕೋಷ್ಟಕದಲ್ಲಿ ಮಾಸ್ಟರ್ ಸ್ವೋರ್ಡೂ ಬಾಂಬಿನ ಚೀಲವೂ ಒಂದೇ ಸಾಲಿನಲ್ಲಿ ನಿಂತಿವೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಆಟಗಾರರ ಅನುಭವವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯುತ್ತದೆ’ ಎಂಬ ಮಾತು ಮೂರು ಕಡೆ ಬಂದಿದೆ, ಮೂರನ್ನೂ ಹೊಡೆದುಹಾಕಿ. ಅಪ್‌ಗ್ರೇಡ್, ಲೆವೆಲ್, ಗೇಮ್ ಎಂಬ ಮಾತುಗಳು ಹಾಗೇ ಇರಲಿ. ‘ಸಲಕರಣಾ ಉನ್ನತೀಕರಣ’ ಎಂದು ಒಂದೆಡೆ ಬರೆದಿದ್ದೀರಲ್ಲ, ಅದನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಬೇರೆ ಸರಣಿಗಳನ್ನು ಹೊಗಳುವ ಪುಟವೂ ಬೇಡ. ‘ಗಾಡ್ ಆಫ್ ವಾರ್’ 2018ರಲ್ಲಿ ಕುಳ್ಳ ಕಮ್ಮಾರ ಸೋದರರನ್ನು ತಂದದ್ದು ನಿಜ, ಆದರೆ ಅದು ಹೊಡೆದಾಟದ ಆಟ, ಅದರ ಲೆಕ್ಕ ಬೇರೆ. ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ಮತ್ತೆ ಬರೆಯುತ್ತೀರಿ ಎಂಬ ನಂಬಿಕೆ ನನಗಿದೆ. ಒಂದೇ ಆಯುಧ ಆರಿಸಿ, ಮಾಸ್ಟರ್ ಸ್ವೋರ್ಡ್ ಆದರೆ ಒಳ್ಳೆಯದು. ಅದು ಒಂದು ಆಟದಿಂದ ಇನ್ನೊಂದಕ್ಕೆ ಹೇಗೆ ಬಂತು, ಎಲ್ಲಿ ಹದಗೊಂಡಿತು, ಎಲ್ಲಿ ಯಾರೂ ಕೈಹಾಕಲಿಲ್ಲ ಎಂಬುದನ್ನು ಬರೆದು, ಮುಂದಿನ ಆಟದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹೇಳಿ. ಕೈಲ್‌ಪೊಳ್ದ್ ಪ್ಯಾರಾ ಮಧ್ಯದಲ್ಲಿ ಬರಲಿ. ಸಾವಿರದ ಇನ್ನೂರು ಪದ ಮೀರಬೇಡಿ. ಆಗಸ್ಟ್ ಹತ್ತರೊಳಗೆ ಕೈಸೇರಿದರೆ ಸೆಪ್ಟೆಂಬರ್ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಡುತ್ತೇನೆ. ಮನೆಯ ಒಡಿಕತ್ತಿಯ ಫೋಟೊ ಹಿರಿಯರ ಒಪ್ಪಿಗೆ ಕೇಳಿಯೇ ಕಳಿಸಿ, ಆಟದ ಪರದೆಯ ಚಿತ್ರಗಳು ಬೇಡ.

ಸಂಪಾದಕ