ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಲಗ್ನಪತ್ರಿಕೆಗಳು

ಆಪ್ತಸಮಾಲೋಚಕಿಯಾದ ನನ್ನ ಕೊಠಡಿಗೆ ಒಂದೇ ಬಗೆಯ ನೋವು ಹೊತ್ತು ಬರುವವರು ಹಲವರಿದ್ದಾರೆ. ಸಾವಯವ ಕೃಷಿಯ ಬಗ್ಗೆ ಊರೂರು ತಿರುಗಿ ಮಾತನಾಡುವವರು ಬರುತ್ತಾರೆ. ಅವರದೇ ಗದ್ದೆಗೆ ಒಡಹುಟ್ಟಿದ ತಮ್ಮ ಯೂರಿಯಾ ಎರಚುತ್ತಿರುತ್ತಾನೆ. ಮದ್ಯವರ್ಜನ ಶಿಬಿರಗಳಲ್ಲಿ ದುಡಿದವರು ಬರುತ್ತಾರೆ. ಮಗ ರಾತ್ರಿ ತೂರಾಡುತ್ತ ಬಾಗಿಲು ಬಡಿಯುತ್ತಾನೆ. ‘ನನ್ನ ಮನೆಯೇ ಹೀಗಿರುವಾಗ ನಾನು ನಂಬಿ ಬದುಕಿದ್ದಕ್ಕೆ ಏನು ಅರ್ಥ?’ ಎಂದು ಎಲ್ಲರೂ ಕೇಳುತ್ತಾರೆ. ಅವರಿಗೆಲ್ಲ ನಾನು ಬಹುಕಾಲ ಒಂದೇ ಸಮಾಧಾನ ಹೇಳುತ್ತ ಬಂದಿದ್ದೆ. ಮನೆಯವರ ನಡತೆಗೆ ನೀವು ಹೊಣೆಯಲ್ಲ, ನಿಮ್ಮ ನಡತೆಗಷ್ಟೇ ಹೊಣೆ, ಹಗುರಾಗಿರಿ ಎನ್ನುತ್ತಿದ್ದೆ. ಆ ಸಮಾಧಾನ ಎಷ್ಟು ಅರೆಬರೆಯಾದದ್ದು ಎಂದು ನನಗೆ ತೋರಿಸಿಕೊಟ್ಟದ್ದು ಒಬ್ಬ ಮೇಷ್ಟ್ರು ಮತ್ತು ಅವರ ಪತ್ನಿ. ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಊರು, ಉದ್ಯೋಗ, ನಂಟಸ್ತಿಕೆಯ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮೇಷ್ಟ್ರಿಗೆ 58 ವರ್ಷ. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ. ಅವರ ತಂದೆ ಇಬ್ಬರು ಹೆಣ್ಣುಮಕ್ಕಳ ಮದುವೆಗಾಗಿ ಅಡಿಕೆ ತೋಟವನ್ನು ಅಡವಿಟ್ಟಿದ್ದರು. ತೋಟ ಮರಳಿ ಕೈಗೆ ಬರಲಿಲ್ಲ. ತಂದೆ ತಮ್ಮದೇ ಆಗಿದ್ದ ತೋಟಕ್ಕೆ ಕೊನೆಗಾಲದಲ್ಲಿ ಕೂಲಿಗೆ ಹೋಗುತ್ತಿದ್ದರು. ಇದನ್ನು ಕಂಡು ಬೆಳೆದ ಹುಡುಗ 1994ರಲ್ಲಿ ಮಂತ್ರಮಾಂಗಲ್ಯದ ಮೂಲಕ, ಅಂದರೆ ವಧೂವರರ ಮುಂದೆ ಪ್ರತಿಜ್ಞೆಯ ಮಾತುಗಳನ್ನು ಓದಿ ನಡೆಸುವ ಸರಳ ವಿಧಾನದಲ್ಲಿ, ಮದುವೆಯಾದ. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಮುಹೂರ್ತದ ಗೊಡವೆಯಿಲ್ಲ; ನಲವತ್ತು ಜನ, ಒಂದು ಪಾಯಸದ ಊಟ. ಕುವೆಂಪು ಅವರು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಹೀಗೆ ಸರಳವಾಗಿ ನಡೆಸಿದಂದಿನಿಂದ ಈ ದಾರಿ ಹಿಡಿದವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಡಂಬರದ ಯಾವ ಮದುವೆಗೂ ಕಾಲಿಡುವುದಿಲ್ಲ ಎಂದು ಸಂಕಲ್ಪ ಮಾಡಿದರು. ಅದನ್ನು ಒಂದು ದಿನವೂ ಮುರಿಯಲಿಲ್ಲ. ಅವರ ಮಾತು ಕೇಳಿ ಸಾಲ ಮಾಡದೆ ಮದುವೆಯಾದ ಶಿಷ್ಯರಿದ್ದಾರೆ. ಇದು ಸಣ್ಣ ಸಾಧನೆಯಲ್ಲ, ಮುಂದೆ ನಾನು ಏನೇ ಬರೆದರೂ ಓದುಗರು ಇದನ್ನು ಮರೆಯಬಾರದು.

ಅವರು ಬಂದದ್ದು ನಿದ್ದೆ ಬಾರದ್ದಕ್ಕೆ. ವೈದ್ಯರು ರಕ್ತದೊತ್ತಡದ ಮಾತ್ರೆ ಬರೆದು, ಜೊತೆಗೆ ನನ್ನ ವಿಳಾಸವನ್ನೂ ಬರೆದುಕೊಟ್ಟಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬಳೇ ಮಗಳು ತಾನು ಮೆಚ್ಚಿದ ಹುಡುಗನನ್ನು ಮದುವೆಯಾಗುವವಳಿದ್ದಳು. ಹುಡುಗನ ಕಡೆಯವರು ಒಂದು ರೂಪಾಯಿಯನ್ನೂ ಕೇಳಿರಲಿಲ್ಲ. ಆದರೆ ಮಗಳಿಗೆ ಕಲ್ಯಾಣಮಂಟಪ ಬೇಕಿತ್ತು, ವಾಲಗ ಬೇಕಿತ್ತು, ನಾಲ್ಕು ನೂರು ಜನರ ಊಟ ಬೇಕಿತ್ತು. ಖರ್ಚನ್ನು ತಾವಿಬ್ಬರೇ ಹಂಚಿಕೊಳ್ಳುತ್ತೇವೆ ಎಂದಿದ್ದಳು. ಮೇಷ್ಟ್ರು ಫೋನಿನಲ್ಲಿ, ‘ನಮ್ಮ ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ. ನಡೆದರೆ ನಾನು ಬರುವುದಿಲ್ಲ’ ಎಂದರು. ‘ಹಾಗಾದರೆ ಬರಬೇಡಿ ಅಪ್ಪ’ ಎಂದಳು. ಅಲ್ಲಿಂದ ನಾಲ್ಕು ತಿಂಗಳು ಮಾತಿಲ್ಲ.

ಮೊದಲ ಎರಡು ಭೇಟಿಗಳಲ್ಲಿ ಮೇಷ್ಟ್ರು ಒಂದು ಗಾದೆಯನ್ನು ಮತ್ತೆ ಮತ್ತೆ ಹೇಳಿದರು: ‘ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ ಮೇಡಂ. ನಾನು ಮಾರು ಗೆದ್ದೆ, ಮನೆ ಸೋತೆ.’ ನಾನು ನನ್ನ ಹಳೆಯ ಸಮಾಧಾನವನ್ನೇ ಹೇಳಿ ಕಳಿಸಿದೆ. ಮಗಳು ವಯಸ್ಕಳು, ಅವಳ ಆಯ್ಕೆ ಅವಳದು, ಅದರಿಂದ ನಿಮ್ಮ ಮೌಲ್ಯಕ್ಕೆ ಕುಂದಿಲ್ಲ ಎಂದೆ. ಅವರು ತಲೆಯಾಡಿಸಿದರು. ನಿದ್ದೆ ಮಾತ್ರ ಬರಲಿಲ್ಲ.

ಮೂರನೆಯ ಭೇಟಿಗೆ ಪತ್ನಿಯನ್ನೂ ಕರೆತರಲು ಹೇಳಿದ್ದೆ. ಅವರು ಬಟ್ಟೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಸುಮಾರು ಹೊತ್ತು ಮೇಷ್ಟ್ರೇ ಮಾತನಾಡಿದರು. ಮಾತು ಸರಳ ಮದುವೆಯ ಅಗತ್ಯದ ಕಡೆಗೆ ತಿರುಗಿದಾಗ ಆಕೆ ಚೀಲದಿಂದ ತಗಡಿನ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳದ ಮೇಲಿನ ಚಿತ್ರ ತಿಕ್ಕಿ ತಿಕ್ಕಿ ಅಳಿಸಿಹೋಗಿತ್ತು. ಬಿಗಿಯಾಗಿದ್ದ ಮುಚ್ಚಳವನ್ನು ಉಗುರಿನಿಂದ ಮೀಟಿ ತೆಗೆದರು. ಒಳಗೆ ಲಗ್ನಪತ್ರಿಕೆಗಳು. ದಾರ ಬಿಚ್ಚಿ ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಮೂಲೆಗಳಿಗೆ ಹಚ್ಚಿದ್ದ ಅರಿಶಿನ ಕೆಲವುಗಳಲ್ಲಿ ಇನ್ನೂ ಹಳದಿಯಾಗಿತ್ತು, ಹಳೆಯವುಗಳಲ್ಲಿ ಕಂದಾಗಿತ್ತು.

‘ನಲವತ್ತಮೂರು ಇವೆ ಮೇಡಂ. ನಾವು ಹೋಗದ ಮದುವೆಗಳು.’

ಒಂದನ್ನು ನನ್ನ ಕೈಗೆ ಕೊಟ್ಟರು. ಅವರ ತಮ್ಮನ ಮದುವೆಯದು. ಅಚ್ಚಾದ ಸಾಲುಗಳ ಕೆಳಗೆ ನೀಲಿ ಶಾಯಿಯಲ್ಲಿ, ‘ಅಕ್ಕಾ, ಬಾಗಿಲು ತಡೆಯಲು ನೀನೇ ಬರಬೇಕು’ ಎಂದು ಬರೆದಿತ್ತು. ಮದುಮಕ್ಕಳು ಮೊದಲ ಸಲ ಮನೆ ಹೊಗುವಾಗ ಗಂಡಿನ ಅಕ್ಕನೋ ತಂಗಿಯೋ ಹೊಸ್ತಿಲಿಗೆ ಅಡ್ಡ ನಿಂತು, ಹುಟ್ಟುವ ಹೆಣ್ಣುಮಗುವನ್ನು ನನ್ನ ಮಗನಿಗೆ ತಂದುಕೊಳ್ಳುತ್ತೇನೆ, ಒಪ್ಪಿದರೆ ಒಳಗೆ ಬಿಡುತ್ತೇನೆ ಎಂದು ಕಾಡಿಸುವ ಶಾಸ್ತ್ರ ನಮ್ಮಲ್ಲಿ ಇದೆಯಲ್ಲ, ಅದು. ಮನೆಯ ಹೆಣ್ಣುಮಗಳಿಗೆ ತವರಿನ ಹೊಸ್ತಿಲ ಮೇಲೆ ಸಿಗುವ ಒಂದು ಗಳಿಗೆಯ ಅಧಿಕಾರ.

‘ದೊಡ್ಡಮ್ಮನ ಮಗಳು ನಿಂತಳಂತೆ,’ ಎಂದರು ಆಕೆ.

ಮೇಷ್ಟ್ರು ತಕ್ಷಣ, ‘ನಾನು ನಿನ್ನನ್ನು ಹೋಗಬೇಡ ಎಂದಿರಲಿಲ್ಲ’ ಎಂದರು.

‘ಇಲ್ಲ, ಅನ್ನಲಿಲ್ಲ. ನಿನ್ನ ಆತ್ಮಸಾಕ್ಷಿಗೆ ಬಿಟ್ಟದ್ದು ಎಂದಿರಿ. ಅಷ್ಟು ಅನ್ನಿಸಿಕೊಂಡ ಮೇಲೆ ನಾನು ಯಾವ ಮುಖ ಹೊತ್ತು ಬಸ್ಸು ಹತ್ತಲಿ? ನೀವು ಬೇಡ ಎಂದದ್ದು ದುಂದಿಗೆ. ಅದು ನನ್ನ ಪಾಲಿಗೆ ಬರುವಷ್ಟರಲ್ಲಿ ಮನುಷ್ಯರಿಗೇ ಬೇಡ ಎಂದ ಹಾಗಾಯಿತು.’

ಅದುವರೆಗೆ ನನ್ನ ಕಡೆ ನೋಡಿ ಮಾತನಾಡುತ್ತಿದ್ದವರು ಈಗ ಗಂಡನ ಕಡೆ ತಿರುಗಿದ್ದರು. ದನಿ ಏರಿರಲಿಲ್ಲ.

‘ನಮ್ಮ ಮದುವೆಯ ದಿನ ಖರ್ಚಿನ ಮಾತು ಮಾತ್ರ ಓದಿದ್ದರೇನು? ಗಂಡ ಹೆಂಡತಿ ಸಮಾನರು ಎಂದೂ ಓದಿದ್ದರಲ್ಲ. ನಾನು ನಂಬಿ ಬಂದದ್ದು ಅದನ್ನು.’

ಕೊಠಡಿಯಲ್ಲಿ ಮಾತು ನಿಂತಿತು. ಮೇಷ್ಟ್ರು ಪತ್ರಿಕೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಇಸವಿ ನೋಡಿದರು. 1997, 2001, 2008. ಫ್ಯಾನಿನ ಗಾಳಿಗೆ ಹಾರಿದ ಒಂದನ್ನು ಬಗ್ಗಿ ಎತ್ತಿಕೊಂಡು, ಅದರ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದರು.

ಆಗ ನಾನು ಒಂದು ತಪ್ಪು ಪ್ರಶ್ನೆ ಕೇಳಿದೆ. ‘ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಎಂದೆ. ಹೇಳಲಾಗದೆ ಉಳಿದವರ ಮೇಲೆಯೇ ಹೊರೆ ಹೊರಿಸುವ ಪ್ರಶ್ನೆ ಅದು. ಕೇಳಿದ ಕೂಡಲೇ ನನಗೆ ತಿಳಿಯಿತು. ಆಕೆ ಕೊಟ್ಟ ಉತ್ತರ ಮಾತ್ರ ಇಂದಿಗೂ ನನ್ನ ಜೊತೆಗಿದೆ: ‘ಇವರ ಮಾತು ಯಾವಾಗಲೂ ನ್ಯಾಯವಾಗಿಯೇ ಇರುತ್ತಿತ್ತು ಮೇಡಂ. ಕುಡಿದು ಬರುವ ಗಂಡನಾಗಿದ್ದರೆ ತವರಿಗೆ ಹೋಗಿ ಅಳಬಹುದಿತ್ತು. ನ್ಯಾಯದ ಎದುರು ನಿಂತು ಏನು ಹೇಳುವುದು?’

ನಮ್ಮ ವೃತ್ತಿಯಲ್ಲಿ ನೇರ ಸಲಹೆ ಕೊಡಬಾರದು, ದಾರಿಯನ್ನು ಅವರೇ ಕಾಣುವಂತೆ ಮಾಡಬೇಕು ಎಂದು ಕಲಿಸುತ್ತಾರೆ. ಅದು ಸರಿಯಾದ ಪಾಠ. ಆದರೂ ಆ ದಿನ ನಾನು ನೇರವಾಗಿಯೇ ಹೇಳಿದೆ. ಮುಹೂರ್ತಕ್ಕೆ ಎರಡೂವರೆ ತಿಂಗಳಷ್ಟೇ ಉಳಿದಿತ್ತು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಬಚ್ಚಿಡುವುದಿಲ್ಲ: ಮೊದಲ ಎರಡು ಭೇಟಿಗಳಲ್ಲಿ ನಾನು ಕೊಟ್ಟ ಸಮಾಧಾನ ಆ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿತ್ತು. ಅದನ್ನು ತಿದ್ದುವ ಹೊಣೆ ನನ್ನದೇ ಆಗಿತ್ತು.

ಮೇಷ್ಟ್ರಿಗೆ ಹೇಳಿದೆ: ನಿಮ್ಮ ಸಂಕಲ್ಪವನ್ನು ಬಿಡಬೇಡಿ. ಅದು ನಿಮ್ಮ ತಂದೆಯ ಬೆವರಿನಿಂದ ಹುಟ್ಟಿದ್ದು. ಆದರೆ 29 ವರ್ಷ ಅದರ ಬೆಲೆಯಲ್ಲಿ ಅರ್ಧವನ್ನು ನಿಮ್ಮ ಮನೆಯವರು ತೆತ್ತಿದ್ದಾರೆ, ಅವರನ್ನು ಕೇಳದೆ. ಊರು ನಿಮ್ಮನ್ನು ಹೊಗಳಿತು, ತವರು ಅವರನ್ನು ಮರೆಯಿತು. ಮನೆಯನ್ನು ಸೋತೆ ಎನ್ನುತ್ತಿದ್ದೀರಲ್ಲ, ಅದನ್ನು ಗೆಲ್ಲಲು ಹೊರಟದ್ದೇ ಎಡವಟ್ಟು. ಆ ಗಾದೆಯನ್ನು ದಯವಿಟ್ಟು ಸ್ವಲ್ಪ ದಿನ ಬದಿಗಿಡಿ.

ಮಾಡಲು ಎರಡು ಕೆಲಸ ಕೊಟ್ಟೆ. ಮೊದಲನೆಯದು, ‘ನಮ್ಮ ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ’ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ತಡೆದು, ‘ನಾನು ಇದನ್ನು ಮಾಡುವುದಿಲ್ಲ’ ಎಂದು ಹೇಳುವುದು. ಕನ್ನಡ ಮೇಷ್ಟ್ರಲ್ಲವೇ, ಸರ್ವನಾಮ ಬದಲಾದರೆ ವಾಕ್ಯದ ಭಾರ ಎಲ್ಲಿ ಕೂರುತ್ತದೆ ಎಂಬುದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡನೆಯದು, ಆ ನಲವತ್ತಮೂರರಲ್ಲಿ ಪತ್ನಿ ಆರಿಸಿದ ಮನೆಗಳಿಗೆ ಇಬ್ಬರೂ ಕೂಡಿ ಹೋಗಿ ಬರುವುದು. ಹೂವು, ಹಣ್ಣು ಒಯ್ಯಬೇಕು. ಅಂದು ಯಾಕೆ ಬರಲಿಲ್ಲ ಎಂದು ವಿವರಿಸಬಾರದು, ತತ್ತ್ವದ ಮಾತು ಎತ್ತಬಾರದು. ‘ಬರಬೇಕಿತ್ತು, ಬರಲಿಲ್ಲ’ ಎಂದಷ್ಟೇ ಹೇಳಬೇಕು.

ಮಗಳ ಮದುವೆಗೆ ಹೋಗಿ ಎಂದೂ ಹೇಳಿದೆ. ಮನಸ್ಸೊಪ್ಪದ ಶಾಸ್ತ್ರವನ್ನು ಮಾಡಬೇಡಿ, ಆದರೆ ಅದನ್ನು ಮಂಟಪದಲ್ಲಿ ಹೇಳದೆ ಈಗಲೇ, ಮಗಳಿಗೆ, ಅವಳ ಎದುರು ಕುಳಿತು ಹೇಳಿ ಎಂದೆ.

ಪತ್ನಿಗೆ ನಾನು ಹೇಳಿದ್ದು ಕಡಿಮೆ. ಡಬ್ಬಿಯನ್ನು ಮತ್ತೆ ಬೀರುವಿನ ಒಳಗೆ ಇಡಬೇಡಿ, ಕಣ್ಣಿಗೆ ಕಾಣುವಲ್ಲಿ ಇಡಿ ಎಂದೆ. ಇನ್ನು ಮುಂದೆ ಬರುವ ಪತ್ರಿಕೆಗಳಿಗೆ ಒಬ್ಬರೇ ಬಸ್ಸು ಹತ್ತಿ ಹೋಗಬೇಕೆನಿಸಿದರೆ ಹೋಗಿ, ಅಪ್ಪಣೆಗೆ ಕಾಯಬೇಡಿ ಎಂದೆ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದೆ ಇಟ್ಟಾಗ ಹಿರಿಯರೊಬ್ಬರು ಬೇಸರಪಟ್ಟರು. ಮದುವೆಯ ಸಾಲದಲ್ಲಿ ಸಂಸಾರಗಳು ಮುಳುಗುತ್ತಿರುವ ಕಾಲದಲ್ಲಿ, ತತ್ತ್ವಕ್ಕೆ ಕಟ್ಟುಬಿದ್ದ ಒಬ್ಬರನ್ನು ನೀವು ಮನೆಮನೆಗೆ ತಪ್ಪೊಪ್ಪಿಗೆಗೆ ಕಳಿಸಿದ್ದೀರಿ ಎಂದರು. ಅವರ ಕಳವಳ ನನ್ನದೂ ಹೌದು. ಈ ಮದುವೆಯಲ್ಲಿ ವರದಕ್ಷಿಣೆಯ ಸೊಲ್ಲು ಎದ್ದಿದ್ದರೆ ನನ್ನ ಸಲಹೆ ಬೇರೆಯೇ ಆಗಿರುತ್ತಿತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಕನಿಷ್ಠ 5 ವರ್ಷ ಸೆರೆವಾಸ ಇದೆ. ಅಲ್ಲಿ ತಂದೆ ಬಾಗಿಲಿಗೆ ಅಡ್ಡ ಮಲಗಿದರೂ ನಾನು ಅವರ ಪಕ್ಕದಲ್ಲಿರುತ್ತಿದ್ದೆ. ಆದರೆ ಅನ್ಯಾಯವನ್ನು ತಡೆಯುವುದು ಬೇರೆ, ನಾವು ಒಪ್ಪದ ಸಂತೋಷವನ್ನು ತಡೆಯುವುದು ಬೇರೆ. ತಾನೇ ದುಡಿದ ಹಣದಲ್ಲಿ ನೆಂಟರಿಗೆ ಊಟ ಹಾಕಿಸಲು ಬಯಸುವ ಹುಡುಗಿಯನ್ನು ಹಸ್ತಾಂತರವಾದ ತೋಟದ ಲೆಕ್ಕಕ್ಕೆ ಸೇರಿಸಬಾರದು. ಈ ಹುಡುಗಿಗೆ ಅಷ್ಟೊಂದು ಜನ ಯಾಕೆ ಬೇಕಿತ್ತು ಎಂದು ನನಗೆ ಆ ಡಬ್ಬಿ ನೋಡಿದ ಮೇಲೆ ಹೊಳೆಯಿತು. ಅವಳು ಯಾವ ಮದುವೆಯ ಮನೆಯಲ್ಲೂ ಸೋದರಿಕೆಯ ಮಕ್ಕಳೊಡನೆ ಓಡಾಡಿ ಬೆಳೆದವಳಲ್ಲ.

ಹೀಗೆ ಬರೆದುದನ್ನು ಓದಿ, ಮೌಲ್ಯಗಳೆಲ್ಲ ಹೊರಗಿನವರಿಗೆ, ಮನೆಯಲ್ಲಿ ಹೇಗಾದರೂ ನಡೆದೀತು ಎಂದು ಯಾರಾದರೂ ತಿಳಿದರೆ ನನಗೆ ನೋವಾಗುತ್ತದೆ. ನುಡಿದಂತೆ ನಡೆಯಲು ಹೆಣಗುವವರ ಮೇಲೆ ನನಗೆ ಅಪಾರ ಗೌರವವಿದೆ. ಅಂಥವರ ಮನೆಗಳಲ್ಲಿ ಇಂಥದೊಂದು ಡಬ್ಬಿ ಇದ್ದರೂ ಇದ್ದೀತು. ಒಮ್ಮೆ ಕೇಳಿ ನೋಡಿ. ಹಣವಿದ್ದೂ ಮಗನನ್ನು ಇಂಥ ಶಾಲೆಗೇ ಹಾಕಬೇಕೆಂದು ನಿರ್ಧರಿಸಿದಾಗ ಮಗನನ್ನು ಕೇಳಿದ್ದಿರೇ? ಮನೆಯಲ್ಲಿ ದೇವರ ಪಟ ಇಡುವುದಿಲ್ಲ ಎಂದಾಗ ಅತ್ತೆಯವರು ತಮ್ಮ ಪಟವನ್ನು ಎಲ್ಲಿ ಇಟ್ಟುಕೊಂಡರು? ಉತ್ತರ ಕೇಳಿ ನೀವು ದಾರಿ ಬದಲಿಸಬೇಕಾಗಿಲ್ಲ. ಆದರೆ ಜೊತೆಗೆ ನಡೆದವರ ಪಾದದ ಬೊಕ್ಕೆಯನ್ನಾದರೂ ನೋಡಬೇಕು.

ಮದುವೆ ನಡೆಯಿತು. ಮೇಷ್ಟ್ರು ಹೋದರು. ಹೆಣ್ಣನ್ನು ದಾನ ಕೊಡುವುದು ತನಗೆ ಒಪ್ಪಿಗೆಯಿಲ್ಲ ಎಂದು ಮಗಳಿಗೆ ಮೊದಲೇ ಹೇಳಿದ್ದರಿಂದ ಧಾರೆಗೆ ಸೋದರಮಾವ ದಂಪತಿ ಕುಳಿತರು. ಮೇಷ್ಟ್ರು ಊಟದ ಮನೆಯಲ್ಲಿ ನಿಂತು ಬಡಿಸುವವರ ಮೇಲ್ವಿಚಾರಣೆ ನೋಡಿಕೊಂಡರಂತೆ, ಎಲೆಯಲ್ಲಿ ಅನ್ನ ಚೆಲ್ಲದಂತೆ. ಮಗಳ ಮುನಿಸು ಪೂರ್ತಿ ಇಳಿದಿಲ್ಲ. ಫೋನಿನಲ್ಲಿ ಮಾತಿದೆ, ಹಬ್ಬಕ್ಕೆ ಬಂದರೂ ಒಂದೇ ದಿನ ಇದ್ದು ಹೋಗುತ್ತಾಳೆ.

ಮೊನ್ನೆ ಅವರ ಪತ್ನಿ ಕರೆ ಮಾಡಿದ್ದರು. ಹನ್ನೊಂದು ಮನೆಗಳಾಗಿವೆ ಎಂದರು. ಹನ್ನೆರಡನೆಯದು ಚಿಕ್ಕಮ್ಮನ ಮನೆ. ಮಗನ ಮದುವೆಗೆ ಬಾ ಎಂದು ಎರಡು ಬಸ್ಸು ಬದಲಿಸಿ, ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದಿದ್ದವರು ಅವರು. ಚಿಕ್ಕಮ್ಮ ತೀರಿಕೊಂಡು ಆರು ವರ್ಷವಾಗಿದೆ, ಮಗ ಊರು ಬಿಟ್ಟಿದ್ದಾನೆ, ಮನೆಗೆ ಬೀಗ. ಇದೆಲ್ಲ ಗೊತ್ತಿದ್ದೂ ಆಕೆ ಆ ಪತ್ರಿಕೆಯನ್ನು ಆರಿಸಿದ್ದರು, ಇಬ್ಬರೂ ಹೋಗಿದ್ದರು.

‘ಇವರು ಬಾಳೆಹಣ್ಣಿನ ಚಿಪ್ಪನ್ನು ಜಗುಲಿಯ ಮೇಲೆ ಇಟ್ಟರು ಮೇಡಂ. ಆಮೇಲೆ ಅಲ್ಲಿಯೇ ಕುಳಿತುಬಿಟ್ಟರು. ಕೊನೆಯ ಬಸ್ಸಿನ ಹೊತ್ತಾಯಿತು ಎಂದು ನಾನೇ ಎಬ್ಬಿಸಿದೆ.’